ಮೂಡಣ ಬಾಗಿಲಿನ ಚಳಿಮಳೆ

ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲದ ಬಿರುಗಾಳಿಗೆ ಮನೆಯನ್ನು ಸಜ್ಜುಗೊಳಿಸುವುದು ಗೃಹಕೃತ್ಯಗಳಲ್ಲಿ ಒಂದು. ಲಡಾಖಿನ ಮನೆಗಳ ಮಾಳಿಗೆಯ ಮೇಲೆ ಶರತ್ಕಾಲ ಮುಗಿಯುವ ಮುನ್ನವೇ ಹುಲ್ಲು, ಸೌದೆ, ಬೆರಣಿಗಳ ರಾಶಿ ಏರುತ್ತದೆ. ಬಾಸ್ಟನ್ನಿನಲ್ಲೋ ಟೊರಾಂಟೊದಲ್ಲೋ ನೆಲೆಸಿರುವ ಕನ್ನಡದ ಕುಟುಂಬಗಳು ಹವಾಮಾನದ ವಾರ್ತೆ ಕೇಳಿದೊಡನೆ ಅಂಗಡಿಗೆ ಧಾವಿಸಿ, ಹಾಲು, ಬ್ರೆಡ್ಡು, ಬ್ಯಾಟರಿಗಳನ್ನು ತಂದಿಟ್ಟು, ಮೆಟ್ಟಿಲಿಗೆ ಎರಚುವ ಉಪ್ಪಿನ ಚೀಲವನ್ನೂ ಹಿಮ ಬಾಚುವ ಸಲಿಕೆಯನ್ನೂ ಬಾಗಿಲ ಬಳಿಗೆ ಸರಿಸಿಕೊಳ್ಳುತ್ತವೆ. ಕೋಲಾರದ ಸೀಮೆಯಿಂದ ಮಗನ ಮನೆಗೆಂದು ಅಲ್ಲಿಗೆ ಹೋದ ತಾಯಿ ಇದನ್ನೆಲ್ಲ ಕಂಡು ಬೆರಗಾಗಬೇಕಾದ ಕಾರಣವಿಲ್ಲ. ಅವಳ ಊರಿನಲ್ಲಿ ಹಿಮ ಬೀಳುವುದಿಲ್ಲ, ನಿಜ. ಆಕಾಶದಿಂದ ನೀರು ಗಟ್ಟಿಯಾಗಿ ಉದುರಿದ್ದನ್ನು ಅವಳು ಕಂಡಿದ್ದರೆ ಅದು ಬೇಸಗೆಯ ಆಲಿಕಲ್ಲು ಮಾತ್ರ. ಆದರೆ ಚಳಿಗಾಲಕ್ಕೊಂದು ಬಿರುಗಾಳಿ ಅಲ್ಲಿಯೂ ಉಂಟು; ಅದಕ್ಕೆ ಮನೆಯನ್ನು ಅಣಿಮಾಡುವ ವಿದ್ಯೆಯೂ ಉಂಟು.

ಆ ಬಿರುಗಾಳಿ ಬರುವುದು ಬಂಗಾಳ ಕೊಲ್ಲಿಯಿಂದ. ಕರ್ನಾಟಕದ ಕಡಲು ಎಂದೊಡನೆ ಮನಸ್ಸು ಮಂಗಳೂರು, ಕಾರವಾರಗಳ ಕಡೆಗೆ ಓಡುತ್ತದೆ. ಭೂಪಟವನ್ನು ತೆರೆದು ನೋಡುವ ವಾಚಕರಿಗೆ ಬೇರೊಂದು ಸಂಗತಿ ಕಾಣುತ್ತದೆ. ಕೋಲಾರ ಪಟ್ಟಣದಿಂದ ಚೆನ್ನೈ ತೀರಕ್ಕೆ ನೇರವಾಗಿ ಅಳೆದರೆ ಸುಮಾರು 230 ಕಿಲೋಮೀಟರು. ಮಂಗಳೂರಿನ ತೀರಕ್ಕೆ 350ರ ಆಸುಪಾಸು. ಪಶ್ಚಿಮಘಟ್ಟಗಳ ಮೇಲೆ ತನ್ನ ಭಾರವನ್ನೆಲ್ಲ ಇಳಿಸಿ ಬರುವ ಮುಂಗಾರು ಇಷ್ಟು ದೂರವನ್ನು ಮುಟ್ಟುವ ಹೊತ್ತಿಗೆ ಬಡಕಲಾಗಿರುತ್ತದೆ. ವರ್ಷವಿಡೀ ಬೀಳುವ ಮಳೆ ಸರಾಸರಿಯಲ್ಲಿ 700 ಮಿಲಿಮೀಟರಿಗಿಂತ ತುಸು ಹೆಚ್ಚು. ವರ್ಷಪೂರ್ತಿ ಹರಿಯುವ ನದಿಯೊಂದೂ ಇಲ್ಲ. ಇಂಥ ನಾಡಿನಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಕೊಲ್ಲಿಯಲ್ಲಿ ಏಳುವ ವಾಯುಭಾರ ಕುಸಿತಗಳು ಹೊತ್ತು ತರುವ ಮಳೆಯನ್ನು ಬೇಡವೆನ್ನುವ ಧೈರ್ಯ ಯಾರಿಗೂ ಬರಲಾರದು. ಬೇಕೆಂದು ಕರೆಯುವ ಧೈರ್ಯವೂ ಅಷ್ಟಕ್ಕಷ್ಟೆ. ಏಕೆಂದರೆ ಅದು ಬರುವುದು ರಾಗಿಯ ಕೊಯ್ಲಿನ ದಿನಗಳಲ್ಲಿ.

ತೀರದಲ್ಲಿ ಮರಗಳನ್ನು ಬುಡಮೇಲು ಮಾಡುವ ಚಂಡಮಾರುತ 800 ಮೀಟರಿಗೂ ಎತ್ತರದಲ್ಲಿರುವ ಈ ಪ್ರಸ್ಥಭೂಮಿಯನ್ನು ಏರುವಷ್ಟರಲ್ಲಿ ಕಸುವು ಕಳೆದುಕೊಂಡು ಜಡಿಮಳೆಯಾಗಿರುತ್ತದೆ. ತೆಲುಗು ಮಾತಾಡುವ ಮನೆಗಳಲ್ಲಿ ಅದರ ಹೆಸರು ‘ಮುಸುರು’. ಕೋಲಾರದಲ್ಲಿ ಎರಡು ಭಾಷೆಗಳೂ ಒಂದೇ ಜಗಲಿಯ ಮೇಲೆ ಕುಳಿತು ಮಾತಾಡುವುದರಿಂದ ಈ ಪದ ಕನ್ನಡದ ಮನೆಗಳಿಗೂ ಅಪರಿಚಿತವಲ್ಲ. ಚಂಡಮಾರುತ ಪೂರ್ವದಲ್ಲಿ ಸುತ್ತುತ್ತಿರುವಾಗ ಇಲ್ಲಿ ಗಾಳಿ ಉತ್ತರ ಮತ್ತು ಈಶಾನ್ಯಗಳಿಂದ ಬೀಸುತ್ತದೆ. ಸೂರ್ಯ ಎರಡು ಮೂರು ದಿನ ಮುಖ ತೋರಿಸುವುದಿಲ್ಲ. ಹಗಲಿನ ಉಷ್ಣಾಂಶವೂ 20 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಹಿಮದ ನಾಡಿನವರು ಇದನ್ನು ಚಳಿಯೆಂದು ಒಪ್ಪಲಿಕ್ಕಿಲ್ಲ. ಗಾಜಿನ ಕಿಟಕಿಯೂ ಬಿಸಿಗಾಳಿಯ ಕೊಳವೆಯೂ ಇರುವ ಮನೆಯಲ್ಲಿ ಕುಳಿತು ಹಾಗೆನ್ನುವುದು ಸುಲಭ. ಒದ್ದೆಯಾದ ಮಣ್ಣಿನ ಗೋಡೆ, ಒದ್ದೆ ಸೌದೆ, ಒದ್ದೆ ಬಟ್ಟೆಗಳ ನಡುವೆ ಮೂರು ದಿನ ಕಳೆದ ಎಪ್ಪತ್ತು ವರ್ಷದ ಮುದುಕಿಯನ್ನು ಕೇಳಬೇಕು.

ಹಿಂದೆ ಈ ಮಳೆಗಳನ್ನು ಗುರುತಿಸುತ್ತಿದ್ದುದು ನಕ್ಷತ್ರಗಳಿಂದ. ಚಿತ್ತೆ, ಸ್ವಾತಿ, ವಿಶಾಖೆ ಕಳೆದು ನವೆಂಬರಿನ ಉತ್ತರಾರ್ಧದಲ್ಲಿ ಅನೂರಾಧಾ, ಡಿಸೆಂಬರಿನ ಮೊದಲಲ್ಲಿ ಜ್ಯೇಷ್ಠಾ. ಈಗ ಅವುಗಳಿಗೆ ದೇಶದೇಶಗಳು ಸರದಿಯಂತೆ ಕೊಟ್ಟ ಹೆಸರುಗಳಿವೆ. 2016ರ ಡಿಸೆಂಬರಿನಲ್ಲಿ ಚೆನ್ನೈಯನ್ನು ನಡುಗಿಸಿ ಬಂದ ‘ವರ್ಧಾ’ ಪಾಕಿಸ್ತಾನವಿಟ್ಟ ಹೆಸರು; ಅದರ ಅರ್ಥ ಗುಲಾಬಿ. 2020ರ ನವೆಂಬರಿನಲ್ಲಿ ‘ನಿವಾರ್’ ಬಂದಿತು. 2022ರ ಡಿಸೆಂಬರಿನ ‘ಮಾಂಡೌಸ್’ ಅರಬ್ಬಿ ಸಂಯುಕ್ತ ಸಂಸ್ಥಾನ ಕೊಟ್ಟ ಹೆಸರು. ಒಡವೆ ವಸ್ತ್ರಗಳನ್ನಿಡುವ ಪೆಟ್ಟಿಗೆ ಎಂದು ಅರ್ಥ. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ನೆಲ ಮುಟ್ಟಿದ್ದು ‘ಫೆಂಗಲ್’. ಹೆಸರೇ ಇಲ್ಲದವುಗಳೂ ಕಡಿಮೆಯೇನಲ್ಲ. 2021ರ ನವೆಂಬರಿನಲ್ಲಿ ಒಂದರ ಹಿಂದೊಂದು ಬಂದು ಈ ಸೀಮೆಯ ರಾಗಿಯನ್ನು ಹೊಲದಲ್ಲೇ ಮೊಳೆಯಿಸಿದ ಎರಡು ವಾಯುಭಾರ ಕುಸಿತಗಳು ಚಂಡಮಾರುತದ ಪದವಿಗೇರಲಿಲ್ಲ. ಆದ್ದರಿಂದ ಅವುಗಳಿಗೆ ನಾಮಕರಣವೂ ಆಗಲಿಲ್ಲ.

ಬೆಂಗಳೂರಿನಿಂದ ಹೊರಟ ಪ್ರವಾಸಿಗೆ ಮೊದಲು ಎದುರಾಗುವುದು ಮಾಲೂರು ಅಥವಾ ಕೋಲಾರ. ಮಳೆಯ ಪ್ರವಾಸದ ಕ್ರಮವೇ ಬೇರೆ; ಅದು ಮುಳಬಾಗಿಲಿನಿಂದ ಒಳಗೆ ಬರುತ್ತದೆ. ಮಳೆಯ ಜೊತೆಯಲ್ಲೇ ನಡೆದು ನೋಡುವುದು ಈ ಲೇಖನಕ್ಕೆ ಅನುಕೂಲ.

ಮೂಡಲ ಬಾಗಿಲು ಎಂಬುದೇ ಮುಳಬಾಗಿಲು ಆಯಿತೆಂದು ಹೇಳುತ್ತಾರೆ. ರಾಜ್ಯದ ಪೂರ್ವದ್ವಾರವಾಗಿದ್ದ ಊರು. ಕೋಲಾರದಿಂದ ಸುಮಾರು 30 ಕಿಲೋಮೀಟರು. ಚೋಳರು ಕುವಲಾಲಪುರಕ್ಕೆ, ಎಂದರೆ ಇಂದಿನ ಕೋಲಾರಕ್ಕೆ, ಬಂದದ್ದು ಪೂರ್ವ ದಿಕ್ಕಿನಿಂದಲೇ. ತಿರುಪತಿಯ ಯಾತ್ರಿಕರು ಇಂದಿಗೂ ಈ ಹೆದ್ದಾರಿಯಲ್ಲಿಯೇ ಹೋಗುತ್ತಾರೆ. ಡಿ. ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಬಂಡೆಗಳ ಬೆಟ್ಟಗಳ ನಡುವೆ ಕುಳಿತಿರುವ ಊರಿಗೆ ಮಳೆಯ ಮೊದಲ ಸುದ್ದಿ ತರುವುದು ಆಂಧ್ರದ ಗಡಿಯ ಕಡೆಯಿಂದ ಬೀಸುವ ತೇವದ ಗಾಳಿ. ಬೆಟ್ಟದ ತುದಿ ಮಂಜಿನಲ್ಲಿ ಮರೆಯಾದರೆ ಹಿರಿಯರು ಅಂಗಳದಲ್ಲಿ ಹರಡಿದ ವಸ್ತುಗಳನ್ನು ಒಳಗಿಡಿಸಲು ಆರಂಭಿಸುತ್ತಾರೆ. ಅದಕ್ಕೆ ಮುಂಚೆಯೇ ಮನೆಯ ಹುಡುಗನ ದೂರವಾಣಿಯಲ್ಲಿ ಹವಾಮಾನ ಇಲಾಖೆಯ ಹಳದಿಯೋ ಕಿತ್ತಳೆಯೋ ಬಣ್ಣದ ಎಚ್ಚರಿಕೆ ಬಂದಿರುತ್ತದೆ. ಹಳದಿ ಎಂದರೆ ಗಮನವಿರಲಿ; ಕಿತ್ತಳೆ ಎಂದರೆ ಸಿದ್ಧರಾಗಿ; ಕೆಂಪು ಎಂದರೆ ಕೂಡಲೇ ಕಾರ್ಯಕ್ಕಿಳಿಯಿರಿ. ಒಂದು ದಿನದಲ್ಲಿ 64.5 ಮಿಲಿಮೀಟರು ಮೀರಿದರೆ ಇಲಾಖೆಯ ಲೆಕ್ಕದಲ್ಲಿ ಅದು ಭಾರಿ ಮಳೆ. ತಾತನ ಬೆಟ್ಟ, ಮೊಮ್ಮಗನ ದೂರವಾಣಿ ಎರಡೂ ಒಂದೇ ಮಾತು ಹೇಳಿದ ದಿನ ಮನೆಯಲ್ಲಿ ಒಂದು ದೊಡ್ಡ ಚರ್ಚೆ ನಡೆಯುತ್ತದೆ.

ಚರ್ಚೆಯ ವಿಷಯ ರಾಗಿ. ಜೂನ್, ಜುಲೈಗಳಲ್ಲಿ ಬಿತ್ತಿದ್ದು ತೆನೆ ತುಂಬಿ ನಿಂತಿದೆ. ಕೊಯ್ಯುವುದೋ ಬಿಡುವುದೋ? ಬಿಟ್ಟರೆ ಗಾಳಿಗೆ ಪೈರು ನೆಲಕ್ಕೆ ಒರಗುತ್ತದೆ. ಕೊಯ್ದು ಅರಿ ಹಾಕಿದರೆ, ಒಣಗಲು ನೆಲದ ಮೇಲೆ ಮಲಗಿಸಿದ ತೆನೆಯ ಮೇಲೆ ಮಳೆ ಕೂರುತ್ತದೆ. ಮೂರನೆಯ ದಿನಕ್ಕೆ ತೆನೆಯಲ್ಲಿಯೇ ಮೊಳಕೆ ಕಾಣುತ್ತದೆ. ಕಾಳು ಕಪ್ಪಾಗುತ್ತದೆ. ಬಣ್ಣಗೆಟ್ಟ ರಾಗಿಗೆ ಮಂಡಿಯಲ್ಲೂ ಬೆಲೆಯಿಲ್ಲ, ಸರ್ಕಾರದ ಖರೀದಿ ಕೇಂದ್ರದಲ್ಲೂ ಸ್ವಾಗತವಿಲ್ಲ. ಕೃಷಿ ತಜ್ಞರ ಸಲಹೆ ಸ್ಪಷ್ಟವಾಗಿದೆ: ಮುನ್ಸೂಚನೆ ಬಂದಮೇಲೆ ಕೊಯ್ಲನ್ನು ಮುಂದೂಡಬೇಕು, ಈಗಾಗಲೇ ಕೊಯ್ದಿದ್ದರೆ ಎತ್ತರದ ಜಾಗದಲ್ಲಿ ಒಟ್ಟಿ ಮುಚ್ಚಬೇಕು. ಸಲಹೆ ಸರಿಯಾದದ್ದೇ. ಆದರೆ ಕೊಯ್ಲಿನ ಆಳುಗಳು ಸಿಗುವುದು ನಾಳೆ ಮಾತ್ರ ಎಂದಾದರೆ, ಯಂತ್ರದ ಸರದಿ ಬಂದಿರುವುದು ಈ ವಾರ ಮಾತ್ರ ಎಂದಾದರೆ, ಯಾವ ತಜ್ಞನೂ ಆ ಮನೆಯ ಪರವಾಗಿ ತೀರ್ಮಾನ ಮಾಡಿಕೊಡಲಾರ.

ಕೊಯ್ದ ರಾಗಿಯನ್ನು ಉಳಿಸಿಕೊಳ್ಳುವ ಹಳೆಯ ವಿಧಾನವನ್ನು ನೋಡಿದರೆ ಅದು ಮನೆ ಕಟ್ಟುವ ವಿದ್ಯೆಗೆ ಕಡಿಮೆಯಾದದ್ದಲ್ಲ ಎನಿಸುತ್ತದೆ. ಒಣಗಿದ ಅರಿಗಳನ್ನು ಸಿವುಡುಗಳಾಗಿ ಕಟ್ಟುತ್ತಾರೆ. ಸಿವುಡುಗಳನ್ನು ತಂದು ಮೆದೆ ಒಟ್ಟುತ್ತಾರೆ. ತೆನೆಗಳೆಲ್ಲ ಒಳಮುಖ, ಹುಲ್ಲಿನ ಬುಡವೆಲ್ಲ ಹೊರಮುಖ. ಹೊರಗಿನ ಹುಲ್ಲು ತುಸು ಕೆಳಕ್ಕೆ ಇಳಿಜಾರಾಗಿರಬೇಕು. ಬಿದ್ದ ಹನಿ ಸೂರಿನ ಮೇಲೆ ಜಾರಿದಂತೆ ಜಾರಿ ಹೋಗಬೇಕು. ನೆಲಕ್ಕೆ ಕಲ್ಲೋ ಕಟ್ಟಿಗೆಯೋ ಹಾಸಿ ತಳವನ್ನು ಎತ್ತರಿಸಬೇಕು. ಸುತ್ತಲೂ ಒಂದು ಚಿಕ್ಕ ಕಾಲುವೆ ತೆಗೆಯಬೇಕು. ಚೆನ್ನಾಗಿ ಒಟ್ಟಿದ ಮೆದೆ ವಾರದ ಮಳೆಯನ್ನೂ ತಡೆಯಬಲ್ಲದು. ಒಳಗಿನ ತೆನೆ ತಿಂಗಳುಗಟ್ಟಲೆ ಬೆಚ್ಚಗೆ ಹದವಾಗುತ್ತ ಕಾಯುತ್ತದೆ. ಮೆದೆ ಒಟ್ಟುವ ಕೈ ಎಲ್ಲರಿಗೂ ಇರುವುದಿಲ್ಲ. ಊರಿಗೆ ಇಬ್ಬರೋ ಮೂವರೋ ಹಿರಿಯರು. ಮೋಡ ಕಟ್ಟಿದ ದಿನ ಅವರಿಗೆ ದೊರೆಯುವ ಮರ್ಯಾದೆ ಮದುವೆಯ ಮನೆಯ ಬೀಗರಿಗೂ ದೊರೆಯದು. ಈಗ ನೀಲಿ ಟಾರ್ಪಾಲು ಬಂದಿದೆ. ಬೆಲೆ ಕೊಟ್ಟರೆ ಯಾರಿಗಾದರೂ ಸಿಗುತ್ತದೆ. ಆದರೆ ಹಸಿಯಾಗಿಯೇ ಒಟ್ಟಿ ಟಾರ್ಪಾಲು ಬಿಗಿದರೆ ಒಳಗೆ ಕಾವು ಹುಟ್ಟಿ ಹುಲ್ಲು ಬೂಸಲು ಹಿಡಿಯುವುದೂ ಉಂಟು.

ಹುಲ್ಲಿನ ಮಾತನ್ನು ಪಟ್ಟಣದ ವಾಚಕರು ಹಗುರವಾಗಿ ತೆಗೆದುಕೊಳ್ಳಬಾರದು. ಕೋಲಾರ ಜಿಲ್ಲೆಯ ಅನೇಕ ಮನೆಗಳಲ್ಲಿ ಮಕ್ಕಳ ಶಾಲೆಯ ಖರ್ಚು, ಅಂಗಡಿಯ ಸಾಲ ಎರಡೂ ನಡೆಯುವುದು ಸೀಮೆಹಸುವಿನ ಹಾಲಿನಿಂದ. ರಾಗಿಯ ಹುಲ್ಲು ಆ ಹಸುವಿನ ವರ್ಷದ ಊಟ. ಬೂಸಲು ಬಂದ ಹುಲ್ಲನ್ನು ಹಸು ಮೂಸಿ ಬಿಟ್ಟುಬಿಡುತ್ತದೆ. ಕೊಂಡು ತರುವ ಹುಲ್ಲಿಗೆ ಹಾಲಿನ ಹಣವೆಲ್ಲ ಸರಿಹೋಗುತ್ತದೆ. ಎಂಥ ಮಳೆಯಲ್ಲೂ ಬೆಳಗ್ಗೆ, ಸಂಜೆ ಡೈರಿಗೆ ಹಾಲು ಹೋಗಲೇಬೇಕು. ಕಂಬಳಿಯ ಗೊಪ್ಪೆ ಹಾಕಿಕೊಂಡು ಹೋಗುತ್ತಿದ್ದವರ ಮೊಮ್ಮಕ್ಕಳು ಈಗ ಗೊಬ್ಬರದ ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ತಲೆಗೆ ಹಾಕಿಕೊಂಡು, ಕ್ಯಾನು ಹಿಡಿದು ಕೆಸರಿನಲ್ಲಿ ನಡೆಯುತ್ತಾರೆ. ಉಡುಪು ಬದಲಾದರೂ ಆಕಾರ ಬದಲಾಗಿಲ್ಲ.

ಧಾನ್ಯವನ್ನು ಕಾಪಾಡುವ ಇನ್ನೊಂದು ಏರ್ಪಾಡು ಭೂಮಿಯೊಳಗಿತ್ತು. ಅದು ಹಗೇವು. ಗಟ್ಟಿ ನೆಲದ ಎತ್ತರದ ಜಾಗದಲ್ಲಿ ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ತೋಡಿದ ಗುಂಡಿ. ಒಳಗೆ ಸುತ್ತಲೂ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಳವರೆಗೆ ಕೆಡುತ್ತಿರಲಿಲ್ಲ. ರಾಗಿಯ ಕಾಳು ಬಹಳ ಸಣ್ಣದಾದ್ದರಿಂದ ಹುಳು ಅದನ್ನು ಸುಲಭವಾಗಿ ಕೊರೆಯಲಾರದು. ಬರಗಾಲದಲ್ಲಿ ಊರನ್ನು ಉಳಿಸುತ್ತಿದ್ದುದು ಈ ಗುಂಡಿಗಳೇ. ಆದರೆ ಮುಚ್ಚಿದ ಹಗೇವನ್ನು ತೆರೆದೊಡನೆ ಯಾರೂ ಇಳಿಯುತ್ತಿರಲಿಲ್ಲ. ಬಹಳ ಹೊತ್ತು ಬಾಯಿ ತೆರೆದಿಟ್ಟು, ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡಿ, ದೀಪ ನಂದಿದರೆ ಇನ್ನೂ ಕಾಯುತ್ತಿದ್ದರು. ಒಳಗಿನ ಕೆಟ್ಟ ಗಾಳಿಗೆ ಸಿಕ್ಕಿ ಸತ್ತವರ ಕಥೆಗಳು ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಕೇಳಸಿಗುತ್ತವೆ. ಈ ಗಾಳಿಯ ಪ್ರಸ್ತಾಪ ಮುಂದೆ ಇನ್ನೊಮ್ಮೆ ಬರಲಿದೆ.

ಮುಳಬಾಗಿಲಿನಿಂದ ವಾಯವ್ಯಕ್ಕೆ ಹೊರಳಿದರೆ ಶ್ರೀನಿವಾಸಪುರ. ರಾಜ್ಯದಲ್ಲಿ ಅತಿ ಹೆಚ್ಚು ಮಾವು ಬೆಳೆಯುವುದು ಕೋಲಾರ ಜಿಲ್ಲೆ, ಜಿಲ್ಲೆಯಲ್ಲಿ ಶ್ರೀನಿವಾಸಪುರ. ರಸ್ತೆಯ ಎರಡು ಕಡೆಗೂ ತೋಪುಗಳು. ಮಳೆಯ ದಿನ ಅವು ಕಪ್ಪು ಹಸುರಾಗಿ, ನೀರು ತೊಟ್ಟಿಕ್ಕುತ್ತ, ಬಹು ಸುಂದರವಾಗಿ ಕಾಣುತ್ತವೆ. ತೋಟದ ಯಜಮಾನನಿಗೆ ಆ ಸೌಂದರ್ಯ ಹಿತವಲ್ಲ. ಮಾವು ಹೂ ಬಿಡಬೇಕಾದರೆ ಅದಕ್ಕೆ ಮುಂಚೆ ಕೆಲವು ವಾರ ಒಣ ಹವೆಯೂ ತಂಪು ರಾತ್ರಿಗಳೂ ಬೇಕು. ನವೆಂಬರ್, ಡಿಸೆಂಬರಿನ ಮಳೆ ಬೇರಿಗೆ ಇಳಿದರೆ ಮರ ಹೂವನ್ನು ಮರೆತು ಚಿಗುರಲು ಆರಂಭಿಸುತ್ತದೆ, ಹೂ ತಡವಾಗುತ್ತದೆ. ತಡವಾಗಿ ಕಚ್ಚಿದ ಕಾಯಿ ಏಪ್ರಿಲ್, ಮೇ ತಿಂಗಳ ಗಾಳಿಗೂ ಆಲಿಕಲ್ಲಿಗೂ ಎಳೆಯದಾಗಿಯೇ ಸಿಕ್ಕುತ್ತದೆ. ಆಲಿಕಲ್ಲು ಬಿದ್ದ ಮಧ್ಯಾಹ್ನ ಮಕ್ಕಳು ಅಂಗಳದಲ್ಲಿ ಅದನ್ನು ಆಯ್ದು ಬಾಯಿಗೆ ಹಾಕಿಕೊಂಡು ನಲಿಯುವಾಗ, ತೋಪಿನಲ್ಲಿ ಕಾಯಿಗಳ ಮೇಲೆ ಬಿದ್ದ ಒಂದೊಂದು ಪೆಟ್ಟೂ ನಾಲ್ಕು ದಿನಗಳಲ್ಲಿ ಕಪ್ಪು ಮಚ್ಚೆಯಾಗುತ್ತದೆ. ಇದಕ್ಕೆ ಮನೆಯೊಳಗೆ ಮಾಡಬಹುದಾದ ಸಿದ್ಧತೆ ಏನೂ ಇಲ್ಲ. ಬೆಳೆವಿಮೆಯ ಕಂತನ್ನು ಗಡುವಿನೊಳಗೆ ಕಟ್ಟಿ ರಸೀತಿಯನ್ನು ಒದ್ದೆಯಾಗದಂತೆ ಇಡುವುದೊಂದನ್ನು ಬಿಟ್ಟರೆ.

ಶ್ರೀನಿವಾಸಪುರದಿಂದ ಕೋಲಾರಕ್ಕೆ ಬರುವ ದಾರಿಯಲ್ಲಿ ಕೆರೆಗಳು ಕಾಣುತ್ತವೆ. ಎರಡು ಸಾವಿರಕ್ಕೂ ಮಿಕ್ಕಿದ ಕೆರೆಗಳ ಜಿಲ್ಲೆ ಇದು. ಒಂದರ ಕೋಡಿ ಇನ್ನೊಂದಕ್ಕೆ, ಅದರ ಕೋಡಿ ಮತ್ತೊಂದಕ್ಕೆ, ಹೀಗೆ ಸರಪಳಿಯಾಗಿ ಕಟ್ಟಿದ್ದಾರೆ. ಎಷ್ಟೋ ವರ್ಷ ಒಣಗಿ ಬಿರುಕುಬಿಟ್ಟು, ಜಾಲಿ ಬೆಳೆದು, ಹುಡುಗರ ಆಟದ ಬಯಲಾಗಿದ್ದ ಕೆರೆಗಳು ಹಲವು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಕೊಳವೆಯಲ್ಲಿ ಬಂದು ಕೆಲವು ಕೆರೆಗಳನ್ನು ತುಂಬಿಸುತ್ತಿದೆ. ಅರೆ ತುಂಬಿದ ಕೆರೆಯ ಮೇಲೆ ಜಡಿಮಳೆ ಬಿದ್ದರೆ ಕೋಡಿ ಬೇಗ ಬೀಳುತ್ತದೆ. 2021ರ ಹಿಂಗಾರಿನಲ್ಲಿ ಹಲವು ಕೆರೆಗಳು ಬಹುಕಾಲದ ಮೇಲೆ ಕೋಡಿ ಹರಿದಾಗ, ಅದೇ ಮೊದಲ ಬಾರಿ ಆ ದೃಶ್ಯವನ್ನು ಕಂಡ ಯುವಕರು ಇದ್ದರು. ಹೆಂಗಸರು ಅರಿಶಿನ ಕುಂಕುಮ ತಂದು ಗಂಗಮ್ಮನಿಗೆ ಬಾಗಿನ ಬಿಟ್ಟರು. ಅದೇ ವಾರದಲ್ಲಿ ಅವರದೇ ಹೊಲಗಳಲ್ಲಿ ರಾಗಿ ಕೊಳೆಯುತ್ತಿತ್ತು. ಟೊಮೆಟೊ ಗಿಡಗಳು ಕರಗಿ, ಕೋಲಾರದ ಮಾರುಕಟ್ಟೆಗೆ ಬರುವ ಹಣ್ಣು ಕಡಿಮೆಯಾಗಿ, ಬೆಂಗಳೂರಿನಲ್ಲಿ ಕಿಲೋಗೆ 100 ರೂಪಾಯಿಯ ಮೇಲಕ್ಕೆ ಬೆಲೆ ಹೋಯಿತು. ಕೈಯಲ್ಲಿ ಬಾಗಿನ, ಮನಸ್ಸಿನಲ್ಲಿ ಕೊಳೆತ ಅರಿ; ಈ ನಾಡಿನ ಹೆಂಗಸರು ಎರಡನ್ನೂ ಒಟ್ಟಿಗೆ ಹೊತ್ತು ಏರಿಯ ಮೇಲೆ ನಡೆದುಬಂದರು.

ಕೆರೆಯ ಸರಪಳಿಗೆ ಒಂದು ಅಪಾಯವೂ ಉಂಟು. ಮೇಲಿನದು ಒಡೆದರೆ ಕೆಳಗಿನದೂ ಉಳಿಯುವುದಿಲ್ಲ. 1903ರ ನವೆಂಬರಿನಲ್ಲಿ ಮೈಸೂರು ಸೀಮೆಯಲ್ಲಿ ಪಾಲಾರ್ ಹೊಳೆಯ ಪಾತ್ರದ ಕೆರೆಗಳು ಒಡೆದು, ನೀರು ಘಟ್ಟದ ಕೆಳಗಿನ ವಾಣಿಯಂಬಾಡಿ ಪಟ್ಟಣಕ್ಕೆ ನುಗ್ಗಿ ಬಹು ಜನರನ್ನು ಬಲಿತೆಗೆದುಕೊಂಡಿತು. ವರ್ಷದ ಹೆಚ್ಚು ದಿನ ಮರಳಾಗಿಯೇ ಇರುವ ಹೊಳೆಯಿಂದ ಅಂಥ ಪ್ರಳಯ ಬಂದೀತೆಂದು ಯಾರು ಎಣಿಸಿದ್ದರು! ಆದ್ದರಿಂದಲೇ ಹಿಂದೆ ಮಳೆಗಾಲಕ್ಕೆ ಮುಂಚೆ ಏರಿಯ ಬಿಲಗಳನ್ನು ಮುಚ್ಚುವುದು, ಕೋಡಿಯ ಬಾಯಿಯಲ್ಲಿ ಬೆಳೆದ ಗಿಡ ಕಡಿಯುವುದು, ಕಾಲುವೆಯ ಹೂಳೆತ್ತುವುದು ಮನೆಮನೆಯ ಪಾಲಿನ ಕೆಲಸವಾಗಿತ್ತು. ತೂಬಿನ ಮೇಲೆ ನೀರುಗಂಟಿಯ ಕಣ್ಣಿರುತ್ತಿತ್ತು. ಮಳೆಯ ರಾತ್ರಿ ಅವನು ಏರಿಯ ಮೇಲೆಯೇ ಮಲಗುತ್ತಿದ್ದನು. ಈಗ ಕಾಲುವೆಯ ಮೇಲೆ ಮನೆ ಕಟ್ಟಿಕೊಂಡು, ಒಳಗೆ ನೀರು ಬಂದಾಗ ಮಳೆಯನ್ನು ದೂರುವ ನಾಗರಿಕತೆ ಬೆಂಗಳೂರಿನಿಂದ ಇಲ್ಲಿಗೂ ಬಂದಿದೆ. ಕೋಲಾರದಲ್ಲೋ ಮಾಲೂರಿನಲ್ಲೋ ನಿವೇಶನ ಕೊಳ್ಳುವ ಕುಟುಂಬಕ್ಕೆ ಒಂದು ಸೂಚನೆ ಉಪಯೋಗವಾದೀತು: ಬೇಸಗೆಯಲ್ಲಿ ಜಾಗ ನೋಡಿ ಮೆಚ್ಚಿದ ಮೇಲೆ, ಹಣ ಕೊಡುವ ಮುನ್ನ, ಅನೂರಾಧಾ ಮಳೆಯ ಒಂದು ದಿನ ಕೊಡೆ ಹಿಡಿದು ಮತ್ತೊಮ್ಮೆ ನೋಡಿಬರುವುದು.

ಕೋಲಾರದ ಹಳೆಯ ಮನೆಗಳ ಒಳಗೆ ಬಂದರೆ, ಸಿದ್ಧತೆಯ ಭಾರವೆಲ್ಲ ಗೃಹಿಣಿಯ ಮೇಲೆ. ಶತಶೃಂಗದ ಬೆಟ್ಟಗಳ ಸಾಲು ಮೋಡದಲ್ಲಿ ಮುಳುಗಿ, ಅಂತರಗಂಗೆಯ ದಾರಿ ಜಾರತೊಡಗಿದಾಗ ಅವಳು ಸೌದೆಯ ಅಟ್ಟವನ್ನು ನೋಡುತ್ತಾಳೆ. ಅಡುಗೆಯ ಅನಿಲ ಬಂದಿದ್ದರೂ ಸ್ನಾನದ ಹಂಡೆಗೆ ಸೌದೆಯನ್ನೇ ಒಟ್ಟುವ ಮನೆಗಳು ಇಂದಿಗೂ ಇವೆ. ಬೆರಣಿಯನ್ನು ಒಳಗಿಡಬೇಕು. ರಾಗಿಹಿಟ್ಟನ್ನು ಮುಂಚಿತವಾಗಿ ಗಿರಣಿಗೆ ಕಳುಹಿಸಬೇಕು; ವಿದ್ಯುತ್ತು ಹೋದರೆ ಗಿರಣಿ ನಿಲ್ಲುತ್ತದೆ. 1902ರಲ್ಲಿಯೇ ಶಿವನಸಮುದ್ರದಿಂದ ತಂತಿ ಎಳೆದು ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ತಂದ ಜಿಲ್ಲೆ ಇದು ಎಂಬ ಹೆಮ್ಮೆ, ಮಳೆಯ ರಾತ್ರಿ ಕತ್ತಲೆಯಲ್ಲಿ ಬೆಂಕಿಪೊಟ್ಟಣ ತಡಕುವಾಗ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಹುರುಳಿ, ಒಣಗಿದ ಅವರೆ, ಹುಣಿಸೆಹಣ್ಣು ಡಬ್ಬದಲ್ಲಿದ್ದರೆ ಮೂರು ದಿನ ಅಂಗಡಿಯ ಮುಖ ನೋಡಬೇಕಾಗಿಲ್ಲ. ಬೇಸಗೆಯ ಬಿಸಿಲಿನಲ್ಲಿ ಮಾಡಿಟ್ಟ ಸಂಡಿಗೆ, ಬಾಳಕದ ಮೆಣಸಿನಕಾಯಿಗಳ ಡಬ್ಬ ಅಟ್ಟದಿಂದ ಕೆಳಗಿಳಿಯುವುದು ಈ ದಿನಗಳಿಗಾಗಿಯೇ. ಬಿಸಿ ಮುದ್ದೆ, ಹುರುಳಿಯ ಬಸ್ಸಾರು, ಕರಿದ ಸಂಡಿಗೆ. ಹೊಸ ಅವರೆಕಾಯಿ ಮಳೆಗೆ ಮುಂಚೆ ಬಂದಿದ್ದರೆ ಮನೆಮಂದಿಯೆಲ್ಲ ಸುತ್ತ ಕುಳಿತು ಹಿತಕುತ್ತಾರೆ. ಹೊತ್ತು ಹೋಗುವುದೂ ಗೊತ್ತಾಗದು.

ರೇಷ್ಮೆ ಸಾಕುವ ಮನೆಯಾದರೆ ಮಕ್ಕಳಿಗಿಂತ ಮೊದಲು ಬೆಚ್ಚಗಾಗಬೇಕಾದದ್ದು ಹುಳು. ಒದ್ದೆ ಸೊಪ್ಪನ್ನು ಹಾಕುವಂತಿಲ್ಲ, ರೋಗ ಬರುತ್ತದೆ. ಮಳೆಗೆ ಮುನ್ನವೇ ಸೊಪ್ಪು ಕೊಯ್ದು ತಂದು, ಬಾಡದಂತೆ ತೇವದ ಗೋಣಿ ಹೊದಿಸಿ ಇಡಬೇಕು. ಹುಳು ಹಣ್ಣಾಗಿ ಚಂದ್ರಿಕೆಗೆ ಏರಿರುವಾಗ ತೇವ ಹೆಚ್ಚಾದರೆ ಗೂಡಿನ ನೂಲು ಸರಿಯಾಗಿ ಬಿಚ್ಚುವುದಿಲ್ಲ. ಮಾರುಕಟ್ಟೆಯಲ್ಲಿ ಕೈಯಲ್ಲಿ ಹಿಡಿದು ಅಲುಗಿಸಿ ನೋಡುವವನಿಗೆ ಕೂಡಲೇ ತಿಳಿಯುತ್ತದೆ. ಅದಕ್ಕಾಗಿ ಸಾಕಣೆಯ ಮನೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡುತ್ತಾರೆ. ಹುಳುವಿಗೆ ಇಟ್ಟದ್ದನ್ನು ರಾತ್ರಿ ಅಜ್ಜಿಯ ಮಂಚದ ಬಳಿಗೂ ಎಳೆದುಕೊಳ್ಳುವ ಆಸೆ ಸಹಜ. ಹಗೇವಿನ ಮಾತನ್ನು ನೆನೆಯಬೇಕಾದದ್ದು ಇಲ್ಲಿ. ಕಿಟಕಿ ಬಾಗಿಲುಗಳನ್ನು ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ತಲೆಭಾರವಾಗಿ, ನಿದ್ರೆ ಗಾಢವಾಗಿ, ಮತ್ತೆ ಏಳದಿರುವ ಸಂಭವವುಂಟು. ಹಗೇವಿಗೆ ದೀಪ ಇಳಿಬಿಟ್ಟು ನೋಡಿದವರ ಮನೆಯಲ್ಲಿ ಈ ಗಾಳಿಯ ವಿಷಯದಲ್ಲಿ ಎಚ್ಚರ ಕಡಿಮೆಯಾಗಬಾರದು. ಆದರೆ ದೀಪದ ಪರೀಕ್ಷೆ ಇದಕ್ಕೆ ಸಾಲದು, ದೀಪ ಚೆನ್ನಾಗಿ ಉರಿಯುತ್ತಿರುವಾಗಲೂ ಈ ವಿಷ ಇರಬಲ್ಲದು. ಮಲಗುವ ಮುನ್ನ ಅಗ್ಗಿಷ್ಟಿಕೆಯನ್ನು ಹೊರಗಿಡುವುದು, ಒಂದು ಕಿಟಕಿಯನ್ನು ತುಸು ತೆರೆದಿಡುವುದು, ಅಜ್ಜಿಗೆ ಇನ್ನೊಂದು ಕಂಬಳಿ ಹೊದಿಸುವುದು, ಇಷ್ಟೇ ಕ್ಷೇಮ.

ಮಣ್ಣಿನ ಗೋಡೆಯ ಮನೆಗಳಿಗೆ ಇನ್ನೊಂದು ಭಯ. ಗೋಡೆ ಮಳೆಯಲ್ಲಿಯೇ ಬೀಳಬೇಕೆಂದಿಲ್ಲ. ಮೂರು ದಿನ ನೀರು ಕುಡಿದು ಭಾರವಾದ ಗೋಡೆ, ಮಳೆ ನಿಂತಿತೆಂದು ಎಲ್ಲರೂ ನಿಶ್ಚಿಂತರಾಗಿ ಮಲಗಿದ ರಾತ್ರಿ ಕುಸಿಯಬಹುದು. ಬುಡದಲ್ಲಿ ತೇವ ಮೇಲೇರಿದ್ದರೆ, ಮೂಲೆಯಲ್ಲಿ ಹೊಸ ಬಿರುಕು ಕಂಡರೆ, ಆ ಗೋಡೆಯ ಪಕ್ಕದಲ್ಲಿ ಹಾಸಿಗೆ ಹಾಸಬಾರದು. ಕೊಟ್ಟಿಗೆಯ ಗೋಡೆಗೂ ಇದೇ ಮಾತು ಸಲ್ಲುತ್ತದೆ. ಈಶಾನ್ಯ ಮೂಲೆ ಪವಿತ್ರವೆಂದು ಅಲ್ಲಿ ಬಾಗಿಲು, ಬಾವಿ, ಬಯಲು ಬಿಡುವುದು ಪದ್ಧತಿ. ಈ ಮಳೆಗಾಳಿ ಬಡಿಯುವುದೂ ಆ ಮೂಲೆಗೇ. ಶಾಸ್ತ್ರಕ್ಕೆ ಅಡ್ಡಿಯಾಗದಂತೆ ಅಲ್ಲಿಗೊಂದು ಗೋಣಿಯ ತಟ್ಟಿ ಕಟ್ಟಿಕೊಂಡರೆ ದೇವರೇನೂ ಮುನಿಯಲಾರನು.

ಮಳೆ ಪಶ್ಚಿಮಕ್ಕೆ ಸರಿದು ಮಾಲೂರನ್ನು ಸೇರುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಹುಟ್ಟೂರಾದ ಹುಂಗೇನಹಳ್ಳಿ ಈ ತಾಲ್ಲೂಕಿನದು. ಸೂರಿನ ವಿಷಯದಲ್ಲಿ ಮಾಲೂರಿಗೆ ವಿಶೇಷ ಅಧಿಕಾರವಿದೆ. ಮಾಲೂರು ಹೆಂಚು ಹಳೆಯ ಮೈಸೂರಿನ ಎಷ್ಟೋ ಶಾಲೆ, ರೈಲು ನಿಲ್ದಾಣ, ಮನೆಗಳನ್ನು ಮುಚ್ಚಿದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಮಾದರಿ ಇಲ್ಲಿಗೂ ಬಂದು, ಕೆರೆಯ ಜೇಡಿಯಲ್ಲಿ ಊರಿನ ಕಸುಬಾಯಿತು. ಒಂದರ ತುಟಿ ಇನ್ನೊಂದರ ತೋಡಿಗೆ ಕೂರುವಂತೆ ಮಾಡಿದ ಹೆಂಚು ನೀರನ್ನು ಒಳಗೆ ಬಿಡದು. ಆದರೆ ಕೋತಿಗಳು ಓಡಾಡಿ, ಮರದ ಕೊಂಬೆ ಬಿದ್ದು, ಒಂದು ಹೆಂಚು ಬೆರಳಿನಷ್ಟು ಸರಿದರೂ ಸಾಕು. ಸೋರುವ ಜಾಗ ಯಾವುದೆಂದು ಒಳಗಿನವರು ರಾತ್ರಿಯೆಲ್ಲ ಪಾತ್ರೆ ಇಟ್ಟು ಕಂಡುಹಿಡಿಯುತ್ತಾರೆ. ದೀಪಾವಳಿ ಕಳೆದ ಕೂಡಲೇ ಹೆಂಚು ಕೈಯಾಡಿಸುವುದು, ಒಡೆದದ್ದಕ್ಕೆ ಬದಲಿ ಇಡುವುದು, ಹತ್ತು ಹನ್ನೆರಡು ಹೆಂಚನ್ನು ಹಿತ್ತಲಿನಲ್ಲಿ ಹೆಚ್ಚಾಗಿ ಇಟ್ಟಿರುವುದು ಲಕ್ಷಣವಾದ ಮನೆಯ ಗುರುತು. ಕಾಂಕ್ರೀಟು ಬಂದಮೇಲೆ ಹೆಂಚಿನ ಬೇಡಿಕೆ ಕುಗ್ಗಿತು. ಕಾಂಕ್ರೀಟಿನ ಮಾಳಿಗೆಯವರೂ ನಿಶ್ಚಿಂತರಾಗಿರುವಂತಿಲ್ಲ. ಮಾಳಿಗೆಯ ನೀರು ಇಳಿಯುವ ಕೊಳವೆಯ ಬಾಯಿಗೆ ಎಲೆ ಕಟ್ಟಿಕೊಂಡರೆ ಬೆಳಗಾಗುವಷ್ಟರಲ್ಲಿ ತಲೆಯ ಮೇಲೊಂದು ಕೆರೆ.

ಊರಿಗೆಲ್ಲ ಸೂರು ಮಾಡಿಕೊಟ್ಟವರ ಸ್ಥಿತಿ ಮಳೆಯಲ್ಲಿ ಹೇಗಿರುತ್ತದೆ ಎಂಬುದನ್ನು ಮಾಲೂರಿನ ಸುತ್ತಲಿನ ಇಟ್ಟಿಗೆಯ ಗೂಡುಗಳಲ್ಲಿ ನೋಡಬೇಕು. ಅಚ್ಚಿನಿಂದ ತೆಗೆದು ಬಯಲಿನಲ್ಲಿ ಸಾಲಾಗಿ ಒಣಗಲಿಟ್ಟ ಹಸಿ ಇಟ್ಟಿಗೆ ಒಂದು ರಾತ್ರಿಯ ಮಳೆಗೆ ಮತ್ತೆ ಕೆಸರಾಗುತ್ತದೆ. ಸುಟ್ಟ ಮೇಲೆ ನೂರು ವರ್ಷ ಮಳೆಗೆ ಎದೆಯೊಡ್ಡುವ ವಸ್ತು, ಸುಡುವ ಮುನ್ನ ಒಂದು ಗಂಟೆಯೂ ತಾಳದು. ಎಣಿಕೆಯ ಮೇಲೆ ಕೂಲಿ ಪಡೆಯುವವರು ಮಧ್ಯರಾತ್ರಿ ಎದ್ದು, ತಮ್ಮ ಗುಡಿಸಲಿನ ಮೇಲೆ ಹೊದಿಸಿದ್ದ ಹಾಳೆಯನ್ನೇ ಎಳೆದು ಇಟ್ಟಿಗೆಯ ಸಾಲಿಗೆ ಮುಚ್ಚುವುದುಂಟು. ಮಕ್ಕಳು ಅಷ್ಟುಹೊತ್ತು ಗೂಡಿನ ಬೆಚ್ಚನೆಯ ಗೋಡೆಗೆ ಒರಗಿ ಕೂರುತ್ತವೆ.

ಮೂರನೆಯ ದಿನವೋ ನಾಲ್ಕನೆಯ ದಿನವೋ ಗಾಳಿ ದಿಕ್ಕು ಬದಲಿಸುತ್ತದೆ. ಪೂರ್ವದಲ್ಲಿ ಮೋಡ ಒಡೆದು ಮುಳಬಾಗಿಲಿನ ಬಂಡೆಗಳು ತೊಳೆದಂತೆ ಹೊಳೆಯುತ್ತವೆ. ಬಿಸಿಲು ಬಂದ ಗಳಿಗೆಯಲ್ಲೇ ಮನೆಮಂದಿಯೆಲ್ಲ ಹೊಲಕ್ಕೆ ಓಡುತ್ತಾರೆ. ಒದ್ದೆಯಾದ ಅರಿಗಳನ್ನು ಒಂದೊಂದಾಗಿ ತಿರುವಿ ಹಾಕಬೇಕು. ಮೊಳಕೆ ಬಂದದ್ದನ್ನು ಬೇರೆ ಮಾಡಿ ದನಕ್ಕೆ ಇಡಬೇಕು. ಉಳಿದದ್ದನ್ನು ಕಲ್ಲುಬಂಡೆಯ ಮೇಲೋ ಟಾರು ರಸ್ತೆಯ ಅಂಚಿನಲ್ಲೋ ಹರಡಬೇಕು. ಹೆದ್ದಾರಿಯಲ್ಲಿ ತಿರುಪತಿಗೆ ಹೋಗುವ ಕಾರುಗಳು ರಾಗಿಯನ್ನು ಕಂಡು ನಿಧಾನಿಸುತ್ತವೆ, ಕೆಲವು ನಿಧಾನಿಸುವುದಿಲ್ಲ. ಮೆದೆಯೊಳಗೆ ಕೈತೂರಿಸಿ ಒಂದು ತೆನೆಯನ್ನು ಎಳೆದ ಮುದುಕ ಅದನ್ನು ಅಂಗೈಯಲ್ಲಿ ಉಜ್ಜಿ, ಊದಿ, ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಾನೆ. ಕಟ್ಟೆಂದು ಸದ್ದು ಬಂದರೆ ಒಳಗಿನದು ಒಣಗಿದೆ ಎಂದರ್ಥ. ಅಷ್ಟರಲ್ಲಿ ಕೆಳಗಿನ ಕೆರೆಯ ಕಡೆಯಿಂದ, ಕೋಡಿಯ ಮೇಲೆ ನೀರು ಒಂದು ಗೇಣು ಹರಿಯುತ್ತಿದೆಯೆಂದು ಕೂಗುತ್ತ ಹುಡುಗರು ಓಡಿಬರುತ್ತಾರೆ.